ಕಸದ ಪುಡಿ ಕಲಸಿದ ಮಾತ್ರಕ್ಕೆ ಪ್ಲಾಸ್ಟಿಕ್ ಗಟ್ಟಿಯಾಗುವುದಿಲ್ಲ

ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಏಳುವ ನಯವಾದ ಬೂದಿ), ಮೊಟ್ಟೆ ಚಿಪ್ಪು, ಗಾಜಿನ ಪುಡಿ, ಹಳೇ ಟೈರಿನ ರಬ್ಬರ್. ಯಾವುದನ್ನು ಪ್ಲಾಸ್ಟಿಕ್‌ಗೋ ರೆಸಿನ್‌ಗೋ (ಗಟ್ಟಿಯಾಗುವ ಅಂಟು ದ್ರವ) ಕಲಸಿದರೂ ಅದಕ್ಕೆ ‘ಬಲವರ್ಧಿತ ಕಾಂಪೋಸಿಟ್’, ಅಂದರೆ ಬಲ ಹೆಚ್ಚಿಸಿದ ಮಿಶ್ರವಸ್ತು, ಎಂಬ ಹೆಸರು ಬಂದುಬಿಡುತ್ತದೆ. ಇವುಗಳಲ್ಲಿ ಹೆಚ್ಚಿನವು ಬರೀ ಜಾಗ ತುಂಬುವ ಫಿಲ್ಲರ್. ಪ್ಲಾಸ್ಟಿಕ್ ಉಳಿತಾಯವಾಗುತ್ತದೆ, ಅದು ಒಳ್ಳೆಯದೇ. ಆದರೆ ಅದನ್ನು ಅಷ್ಟೇ ಎಂದು ಹೇಳಬೇಕು.

ಎಳೆತದ ಭಾರ ಪ್ಲಾಸ್ಟಿಕ್‌ನಿಂದ ಕಣಕ್ಕೆ ದಾಟಬೇಕಾದರೆ ಕಣಕ್ಕೆ ಉದ್ದವೂ ಬೇಕು, ಹಿಡಿತವೂ ಬೇಕು. ದುಂಡಗಿನ ಹಾರುಬೂದಿಗೆ ಉದ್ದವಿಲ್ಲ, ಸಿಲೇನ್ (ಕಣವನ್ನು ಪ್ಲಾಸ್ಟಿಕ್‌ಗೆ ಬೆಸೆಯುವ ರಾಸಾಯನಿಕ) ಹಚ್ಚದಿದ್ದರೆ ಹಿಡಿತವೂ ಕಮ್ಮಿ. ಹಾಗಾಗಿ ಮಾಡ್ಯುಲಸ್ (ಬಾಗದೆ ಹಿಗ್ಗದೆ ಸೆಟೆದು ನಿಲ್ಲುವ ಗುಣದ ಅಳತೆ) ಏರುತ್ತದೆ, ಎಳೆತದ ಬಲ ಸಾಮಾನ್ಯವಾಗಿ ಇಳಿಯುತ್ತದೆ, ಪೆಟ್ಟು ತಾಳುವ ಗುಣವೂ ಅದರ ಜೊತೆಗೇ ಹೋಗುತ್ತದೆ. ರಬ್ಬರ್ ಪುಡಿಯದು ಉಲ್ಟಾ: ಮಾಡ್ಯುಲಸ್ ಬೀಳುತ್ತದೆ. ‘30% ಹಾಕಿದ್ದೇವೆ’ ಎಂದವರನ್ನು ತೂಕವೋ ಗಾತ್ರವೋ ಎಂದು ಕೇಳಿ. ಹಾರುಬೂದಿಯ ಸಾಂದ್ರತೆ 2.2, ಪಾಲಿಪ್ರೊಪಿಲೀನ್‌ನದು 0.9 ಎಂದು ಹಿಡಿದರೆ, ತೂಕದ 30% ಗಾತ್ರದಲ್ಲಿ ಬರೀ 15%.

ನಿಜವಾಗಿ ಬಲ ಕೊಡಬಲ್ಲದ್ದು ನಾರು. ಆದರೆ ಅದಕ್ಕೆ ಉಪಚಾರ ಜಾಸ್ತಿ. ಮರದ ಪುಡಿಯಾಗಲಿ ಸಸ್ಯದ ನಾರಾಗಲಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ತೇವ ಉಳಿದರೆ ಎಕ್ಸ್‌ಟ್ರೂಡರ್‌ನಲ್ಲಿ (ಪ್ಲಾಸ್ಟಿಕ್ ಕರಗಿಸಿ ಬೆರೆಸಿ ಹೊರದೂಡುವ ಯಂತ್ರ) ಆವಿಯಾಗಿ ಒಳಗೆಲ್ಲ ಗುಳ್ಳೆ. 200 ಡಿಗ್ರಿ ದಾಟಿದರೆ ನಾರು ಕಂದಾಗಿ ಸುಟ್ಟ ವಾಸನೆ ಬರುತ್ತದೆ. ಆದ್ದರಿಂದ ಅದಕ್ಕಿಂತ ಕಡಿಮೆ ಶಾಖಕ್ಕೆ ಕರಗುವ ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥೀನ್) ಸರಿ. 250 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಪೆಟ್ ಬಾಟಲಿಯ ಪ್ಲಾಸ್ಟಿಕ್ ಇದಕ್ಕೆ ಆಗಿಬರುವುದಿಲ್ಲ. ನಾರಿಗೆ ನೀರಿನ ಸ್ನೇಹ, ಪಾಲಿಪ್ರೊಪಿಲೀನ್‌ಗೆ ನೀರೆಂದರೆ ಆಗದು. ಎರಡನ್ನೂ ಕೂಡಿಸಲು ಒಟ್ಟು ತೂಕದ 2ರಿಂದ 5% ಎಂಎಪಿಪಿ (ನಾರಿಗೂ ಅಂಟುವಂತೆ ಮಾರ್ಪಡಿಸಿದ ಪಾಲಿಪ್ರೊಪಿಲೀನ್) ಬೇಕು. ಖರ್ಚು ಉಳಿಸಲು ಮೊದಲು ಕೈಬಿಡುವುದು ಇದನ್ನೇ, ಆಮೇಲೆ ‘ನಾರು ಸರಿಯಿಲ್ಲ’ ಎಂಬ ದೂರು! ಹಳೇ ಕಾಂಪೋಸಿಟ್ ಸುಟ್ಟು ಬೇರ್ಪಡಿಸಿದ ಗಾಜಿನ ನಾರಿನದು ಬೇರೆಯೇ ತೊಂದರೆ: 500 ಡಿಗ್ರಿಯ ಶಾಖಕ್ಕೆ ಮೇಲಿನ ಲೇಪವೂ ಹೋಗುತ್ತದೆ, ಬಲದಲ್ಲಿ ಅರ್ಧಕ್ಕಿಂತ ಹೆಚ್ಚೂ ಹೋಗಬಹುದು. ಕಾರ್ಬನ್ ನಾರು ಶಾಖವನ್ನು ಇದಕ್ಕಿಂತ ಎಷ್ಟೋ ಚೆನ್ನಾಗಿ ತಾಳುತ್ತದೆ.

ಎಪಾಕ್ಸಿಯಲ್ಲಿ (ಹಾರ್ಡ್‌ನರ್ ಎಂಬ ದ್ರವ ಬೆರೆಸಿದಾಗ ಗಟ್ಟಿಯಾಗುವ ರೆಸಿನ್) ಅಚ್ಚು ಹಾಕುವವರಿಗೆ: 100 ಗ್ರಾಂ ರೆಸಿನ್‌ಗೆ 10 ಗ್ರಾಂ ಹಾರ್ಡ್‌ನರ್ ಹಾಕುವ ಬಗೆಯಾದರೆ, ಫಿಲ್ಲರೂ ಸೇರಿದ ಒಟ್ಟು ತೂಕದಲ್ಲಿ 10% ಫಿಲ್ಲರ್ ಎಂದರೆ 11 ಗ್ರಾಂ ಅಲ್ಲ, 12.2 ಗ್ರಾಂ. ಒಣಗಿಸಿ ಜರಡಿ ಹಿಡಿದ ಪುಡಿಯನ್ನು ಮೊದಲು ರೆಸಿನ್‌ಗೆ ಕಲಸಿ, ವ್ಯಾಕ್ಯೂಮ್‌ನಲ್ಲಿ ಗಾಳಿ ತೆಗೆದು, ಕೊನೆಗೆ ಹಾರ್ಡ್‌ನರ್ ಹಾಕಿ. ಭಾರದ ಪುಡಿ ತಳಕ್ಕೆ ಕೂರುತ್ತದೆ. ಗಟ್ಟಿಯಾದ ಮೇಲೆ ಮೇಲಿನ ತುಂಡು, ಕೆಳಗಿನ ತುಂಡು ಕತ್ತರಿಸಿ ಸಾಂದ್ರತೆ ಅಳೆದರೆ ಗೊತ್ತಾಗುತ್ತದೆ. ಅಂದಹಾಗೆ, ಭತ್ತದ ಹೊಟ್ಟನ್ನು ತುಂಬಾ ಬಿಸಿಯಲ್ಲಿ ಸುಟ್ಟರೆ ಬೂದಿಯ ಸಿಲಿಕಾ ಹರಳುಗಟ್ಟುತ್ತದೆ, ಅದರ ದೂಳು ಶ್ವಾಸಕೋಶಕ್ಕೆ ಅಪಾಯ; ಮಾಸ್ಕ್ ಹಾಕದೆ ಜರಡಿ ಹಿಡಿಯಬೇಡಿ.

ಹೋಲಿಕೆಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಡೇಟಾಶೀಟ್‌ನ (ತಯಾರಕರು ಕೊಡುವ ಗುಣಗಳ ಪಟ್ಟಿ) ಅಂಕಿಯ ಪಕ್ಕ ನಿಮ್ಮ ಅಂಕಿ ಇಡಬೇಡಿ. ಅದೇ ಪ್ಲಾಸ್ಟಿಕನ್ನು ಅದೇ ಯಂತ್ರದಲ್ಲಿ, ಏನೂ ಬೆರೆಸದೆ ಒಮ್ಮೆ, ನಿಮ್ಮ ಪುಡಿಯಷ್ಟೇ ಪ್ರಮಾಣದ ಟಾಲ್ಕ್ (ಮಾಮೂಲಿಯಾಗಿ ಬಳಸುವ ಖನಿಜದ ಪುಡಿ) ಬೆರೆಸಿ ಇನ್ನೊಮ್ಮೆ ಹಾಯಿಸಿ. ಪ್ರತಿಯೊಂದರಿಂದಲೂ ಕನಿಷ್ಠ 5 ತುಂಡು ಎಳೆದು ನೋಡಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ಬರೆಯಿರಿ. ಟಾಲ್ಕ್ ಕೂಡ ಅಷ್ಟೇ ಫಲ ಕೊಟ್ಟರೆ, ನಿಮ್ಮ ಪುಡಿ ಟಾಲ್ಕ್‌ಗೆ ಬದಲಿ ಎಂದು ಬರೆಯಿರಿ, ಬಲವರ್ಧಕ ಎಂದಲ್ಲ.