ಯಾರು ಫೇಲಾಗುತ್ತಾರೆ ಅಂತ ಗೊತ್ತಾದ ಮರುದಿನ ಏನು ಮಾಡುತ್ತೀರಿ?

ಕೆಲವು ದಿನಗಳಿಂದ ನಮ್ಮ ಸರ್ಜನ್‌ಗಳ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ. ಎಂಎಸ್, ಡಿಎನ್‌ಬಿ (ಎರಡೂ ಎಂಬಿಬಿಎಸ್ ನಂತರದ ತಜ್ಞ ಪದವಿಗಳು) ಮಾಡುತ್ತಿರುವ ರೆಸಿಡೆಂಟ್‌ಗಳಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ವೈದ್ಯರಲ್ಲಿ, ಕೊನೆಯ ಪರೀಕ್ಷೆ ಯಾರು ಪಾಸಾಗುತ್ತಾರೆ, ಯಾರು ಆಗುವುದಿಲ್ಲ ಅಂತ ಎರಡನೇ ವರ್ಷದಲ್ಲೇ ಹೇಳಲು ಬರುತ್ತದೆಯೇ? ನೀಟ್ ಪಿಜಿ (ಈ ಓದಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ) ರ್ಯಾಂಕ್, ಇಂಟರ್ನಲ್ ಅಂಕ, ಲಾಗ್‌ಬುಕ್ಕಿನಲ್ಲಿ (ತಾವು ಮಾಡಿದ, ನೋಡಿದ ಆಪರೇಷನ್‌ಗಳನ್ನು ಬರೆದಿಡುವ ಪುಸ್ತಕ) ಇರುವ ಕೇಸುಗಳು, ಹಾಜರಿ ಎಲ್ಲ ಕಂಪ್ಯೂಟರಿಗೆ ತುಂಬಿದರೆ ಫೇಲಾಗಬಹುದಾದವರ ಪಟ್ಟಿಯನ್ನು ಅದೇ ತೆಗೆದುಕೊಡುತ್ತದಂತೆ. ಬರುತ್ತದೆ ಅನ್ನುವವರೇ ಹೆಚ್ಚು. ತಕ್ಕಮಟ್ಟಿಗೆ ಬರುತ್ತದೆ ಅಂತ ನಾನೂ ಒಪ್ಪುತ್ತೇನೆ. ಆದರೆ ಆ ಪಟ್ಟಿ ಕೈಗೆ ಬಂದ ಮರುದಿನ ವಾರ್ಡಿನಲ್ಲಿ ಏನಾಗುತ್ತದೆ ಅಂತ ಯಾರೂ ಕೇಳುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಮುಂಬೈಗೆ ಬಂದವಳು ನಾನು. ಇಲ್ಲಿನ ಮುನಿಸಿಪಲ್ ಆಸ್ಪತ್ರೆಯಲ್ಲಿ ಸರ್ಜರಿ ಕಲಿತೆ, ಆಮೇಲೆ ಅದನ್ನೇ ಕಲಿಸಿದೆ, ಪರೀಕ್ಷಕಳಾಗಿ ಬೇರೆ ಊರುಗಳಿಗೂ ಹೋಗಿದ್ದೇನೆ.

ವೈದ್ಯರಲ್ಲದ ಗೆಳೆಯರಿಗಾಗಿ ಒಂದು ಮಾತು. ಎಂಎಸ್ ಜನರಲ್ ಸರ್ಜರಿ ಮೂರು ವರ್ಷದ ಓದು. ಕೊನೆಯಲ್ಲಿ ಥಿಯರಿಯ ನಾಲ್ಕು ಪೇಪರ್. ಆಮೇಲೆ ಪ್ರಾಕ್ಟಿಕಲ್: ಲಾಂಗ್ ಕೇಸ್, ಶಾರ್ಟ್ ಕೇಸ್ (ರೋಗಿಯನ್ನು ನೋಡಿ ವಿವರಿಸುವುದು, ಒಂದು ವಿಸ್ತಾರವಾಗಿ, ಇನ್ನೊಂದು ಚುಟುಕಾಗಿ), ವಾರ್ಡ್ ರೌಂಡ್, ಎಕ್ಸ್‌ರೇ, ಸ್ಪೆಸಿಮೆನ್, ಇನ್‌ಸ್ಟ್ರುಮೆಂಟ್ ಇಟ್ಟ ಟೇಬಲ್ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಬೇರೆ ಬೇರೆಯಾಗಿ ಶೇ. 50 ಬರಬೇಕು. ಬರದಿದ್ದರೆ ಮುಂದಿನ ಪರೀಕ್ಷೆವರೆಗೆ ಕಾಯಬೇಕು. ಜೊತೆಯವರೆಲ್ಲ ಸೀನಿಯರ್ ರೆಸಿಡೆಂಟ್ ಆಗಿ ಸೇರಿಕೊಂಡಿರುತ್ತಾರೆ, ಈ ಹುಡುಗನೋ ಹುಡುಗಿಯೋ ಹಾಸ್ಟೆಲ್ ರೂಮು ಖಾಲಿ ಮಾಡಿ, ಮನೆಯವರ ಫೋನ್ ಎತ್ತಲು ಹೆದರಿ ಕೂತಿರುತ್ತದೆ. ಆ ಸ್ಥಿತಿಯನ್ನು ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಮೊದಲೇ ಗೊತ್ತಾಗಬೇಕು ಅನ್ನುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹೊರದೇಶಗಳಲ್ಲಿ ಈ ಕೆಲಸ ಬಹಳ ಕಾಲದಿಂದ ನಡೆದಿದೆ. ಅಮೆರಿಕದಲ್ಲಿ ಸರ್ಜರಿ ರೆಸಿಡೆಂಟ್‌ಗಳಿಗೆ ಪ್ರತಿ ವರ್ಷ ಆಬ್‌ಸೈಟ್ ಅನ್ನುವ ಪರೀಕ್ಷೆ ಇದೆ. ಅದರಲ್ಲಿ ಅಂಕ ಕಡಿಮೆ ಬಂದವರು ಮುಂದೆ ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯ ಲಿಖಿತ ಪರೀಕ್ಷೆಯಲ್ಲಿ ಎಡವುವ ಸಾಧ್ಯತೆ ಹೆಚ್ಚು ಅಂತ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಬಾಯಿಮಾತಿನ ಪರೀಕ್ಷೆಗೆ ಬಂದರೆ ಆ ನಂಟು ಸಡಿಲವಾಗುತ್ತದೆ. ಬ್ರಿಟನ್ನಿನಲ್ಲಿ ಸರ್ಜರಿ ತರಬೇತಿಯ ಮೊದಲ ಹಂತದ ಪರೀಕ್ಷೆ ಎಂಆರ್‌ಸಿಎಸ್ ಅನ್ನು ಮೊದಲ ಸಲಕ್ಕೇ ಪಾಸಾದವರು ಕೊನೆಯ ಹಂತದ ಎಫ್‌ಆರ್‌ಸಿಎಸ್‌ನಲ್ಲೂ ದಾಟುವ ಸಂಭವ ಹೆಚ್ಚು. ಪರೀಕ್ಷೆ ಚೆನ್ನಾಗಿ ಬರೆಯುವವರು ಮುಂದಿನ ಪರೀಕ್ಷೆಯನ್ನೂ ಚೆನ್ನಾಗಿ ಬರೆಯುತ್ತಾರೆ, ಇದರಲ್ಲಿ ಅಚ್ಚರಿ ಏನಿಲ್ಲ. ನಮ್ಮಲ್ಲೂ ಡಿಎನ್‌ಬಿಯವರಿಗೆ ಎಫ್‌ಎಟಿ ಅಂತ ಒಂದು ನಡುವಣ ಪರೀಕ್ಷೆ ಇದೆ. ಎಲ್ಲಿ ಹಿಂದಿದ್ದೀರಿ ಅಂತ ತಿಳಿಸುವುದೇ ಅದರ ಕೆಲಸ.

ನೀಟ್ ಪಿಜಿ ರ್ಯಾಂಕ್ ನೋಡಿ ಭವಿಷ್ಯ ಹೇಳಬಹುದು ಅನ್ನುವವರ ಮಾತು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಪರೇಲ್, ಸಾಯನ್ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ಸರ್ಜರಿ ಸೀಟು ಸಿಗಬೇಕಾದರೇ ಒಳ್ಳೆಯ ರ್ಯಾಂಕ್ ಬೇಕು. ಒಮ್ಮೆ ಜರಡಿ ಹಿಡಿದ ಹಿಟ್ಟನ್ನು ಮತ್ತೆ ಅದೇ ಜರಡಿಗೆ ಹಾಕಿದರೆ ಏನು ಬೇರೆಯಾಗುತ್ತದೆ? ಲಾಗ್‌ಬುಕ್ಕಿನ ಸಂಖ್ಯೆಯೂ ಅಷ್ಟೇ. ರಿಟ್ರ್ಯಾಕ್ಟರ್ (ಕೊಯ್ದ ಜಾಗದ ಅಂಚನ್ನು ಎಳೆದು ಹಿಡಿಯುವ ಸಲಕರಣೆ) ಹಿಡಿದು ನಿಂತದ್ದೂ ‘ಅಸಿಸ್ಟೆಡ್’, ಹೊಲಿಗೆ ಹಾಕಿದ್ದೂ ‘ಅಸಿಸ್ಟೆಡ್’.

ಪರೀಕ್ಷೆಯ ಟೇಬಲ್ಲಿನ ಈಚೆ ಕೂತಾಗ ಕಾಣುವುದೇ ಬೇರೆ. ಶಾರ್ಟ್ ಕೇಸಿಗೆ ಇಂಗ್ವಿನಲ್ ಹರ್ನಿಯಾ (ತೊಡೆಸಂದಿಯಲ್ಲಿ ಹೊಟ್ಟೆಯೊಳಗಿನದು ಹೊರಗೆ ಉಬ್ಬುವುದು) ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ರೋಗಿಯನ್ನು ಮಲಗಿಸಿ, ಉಬ್ಬನ್ನು ಒಳಗೆ ಸರಿಸಿ, ಡೀಪ್ ರಿಂಗ್ (ಹೊಟ್ಟೆಯ ಗೋಡೆಯಲ್ಲಿರುವ ಕಿಂಡಿ) ಮೇಲೆ ಹೆಬ್ಬೆರಳು ಒತ್ತಿ ಕೆಮ್ಮಲು ಹೇಳಬೇಕು. ಒತ್ತಿದರೂ ಉಬ್ಬು ಹೊರಗೆ ಬಂದರೆ ಡೈರೆಕ್ಟ್ (ಬೇರೆ ಕಡೆಯಿಂದ ಬಂದದ್ದು), ಬರದಿದ್ದರೆ ಇನ್‌ಡೈರೆಕ್ಟ್ (ಆ ಕಿಂಡಿಯಿಂದಲೇ ಬಂದದ್ದು). ಪುಸ್ತಕದಲ್ಲಿ ಎರಡು ಸಾಲು. ಎಂಸಿಕ್ಯೂ ಬಂದರೆ ಯಾರೂ ತಪ್ಪುವುದಿಲ್ಲ. ಆದರೆ ಹೆಬ್ಬೆರಳು ಇಡಬೇಕಾದದ್ದು ಎಲ್ಲಿ? ಸೊಂಟದ ಮುಂದಿನ ಎಲುಬಿನ ಮೊನೆಯಿಂದ ಪ್ಯೂಬಿಕ್ ಟ್ಯೂಬರ್ಕಲ್‌ (ಕೆಳಹೊಟ್ಟೆಯ ತಳದ ಎಲುಬಿನ ಮೇಲಿರುವ ಗುಬುಟು) ವರೆಗಿನ ಲಿಗಮೆಂಟಿನ ನಡುಮಧ್ಯ ಹುಡುಕಿ, ಅದರಿಂದ ಅರ್ಧ ಇಂಚು ಮೇಲೆ. ಅಳೆಯುವಾಗ ಟ್ಯೂಬರ್ಕಲ್ ಬಿಟ್ಟು ಎರಡೂ ಬದಿಯ ಎಲುಬು ಕೂಡುವ ನಡುವಿನ ಸಿಂಫಿಸಿಸ್ ಹಿಡಿದರೆ ಬೆರಳು ಫೆಮೊರಲ್ ಆರ್ಟರಿಯ (ತೊಡೆಗೆ ಹೋಗುವ ದೊಡ್ಡ ರಕ್ತನಾಳದ) ದಾರಿಗೆ ಜಾರುತ್ತದೆ. ಬಾಯಿಯಲ್ಲಿ ಸರಿಯಾಗಿ ಹೇಳುತ್ತಲೇ ಬೆರಳನ್ನು ತಪ್ಪು ಜಾಗದಲ್ಲಿ ಇಡುವವರನ್ನು ನೋಡಿದ್ದೇನೆ. ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಅಲ್ಲಿಗೇ ಗಂಟು ಬೀಳುತ್ತಾರೆ: ‘ನಿಮ್ಮ ಬೆರಳು ಎಲ್ಲಿದೆ?’ ಮುಂದಿನ ಹತ್ತು ನಿಮಿಷ ಆ ಹುಡುಗನಿಗೆ ಏನೂ ನೆನಪಾಗುವುದಿಲ್ಲ. ಮೂರು ವರ್ಷದಲ್ಲಿ ಯಾರಾದರೂ ಒಬ್ಬ ಲೆಕ್ಚರರ್ ಆ ಬೆರಳು ಹಿಡಿದು ‘ಇಲ್ಲಿ, ಇಲ್ಲಿ ಮುಟ್ಟಿ ನೋಡು’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಂದವರು ಇದ್ದರೋ ಇಲ್ಲವೋ ಅನ್ನುವುದನ್ನು ಯಾವ ಕಂಪ್ಯೂಟರಿಗೂ ಯಾರೂ ತುಂಬುವುದಿಲ್ಲ.

ಈಗ ಲೆಕ್ಕ. ಇದು ಕೇವಲ ಉದಾಹರಣೆ. 100 ರೆಸಿಡೆಂಟ್‌ಗಳಲ್ಲಿ 10 ಜನ ಫೇಲಾಗುವವರು ಅಂತಿಟ್ಟುಕೊಳ್ಳಿ. ನಿಮ್ಮ ಸಾಫ್ಟ್‌ವೇರ್ ಆ ಹತ್ತರಲ್ಲಿ 8 ಜನರನ್ನು ಸರಿಯಾಗಿ ಗುರುತಿಸಿತು, ಬಹಳ ಒಳ್ಳೆಯದು. ಪಾಸಾಗಲಿರುವ 90 ಜನರಲ್ಲಿ ಐವರಿಗೆ ಒಬ್ಬರಂತೆ 18 ಜನರನ್ನೂ ಅದು ಅನುಮಾನಿಸಿತು. ಪಟ್ಟಿಯಲ್ಲಿ ಒಟ್ಟು 26 ಹೆಸರು, ಅದರಲ್ಲಿ 18 ತಪ್ಪು. ಇನ್ನೂ ಒಂದು ಸಂಗತಿ ಇದೆ. ಸಾಫ್ಟ್‌ವೇರ್ ಏನೂ ಇಲ್ಲದೆ ‘ಎಲ್ಲರೂ ಪಾಸ್’ ಅಂತ ಕಣ್ಣು ಮುಚ್ಚಿ ಹೇಳಿದರೆ 90 ಸಲ ನಿಜವಾಗುತ್ತದೆ, ಈ ಪಟ್ಟಿ ನಿಜವಾಗುವುದು ಸರಿಯಾಗಿ ಹಿಡಿದ 8, ಸರಿಯಾಗಿ ಬಿಟ್ಟ 72 ಸೇರಿ 80 ಸಲ ಮಾತ್ರ. ‘ಶೇ. 90 ನಿಖರ’ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ಇದನ್ನು ನೆನಪಿಡಿ.

ಹಾಗಾದರೆ ಪಟ್ಟಿ ವ್ಯರ್ಥವೇ? ಅಲ್ಲ. ನನ್ನ ಇಡೀ ಮಾತು ಇಲ್ಲೇ ನಿಂತಿದೆ. ಪಟ್ಟಿಯಲ್ಲಿ ಇರುವವರಿಗೆ ವಾರಕ್ಕೆ ಎರಡು ಸಲ ಹೆಚ್ಚಿಗೆ ಕೇಸ್ ಪ್ರೆಸೆಂಟೇಷನ್ ಮಾಡಿಸುತ್ತೀರಿ ಅಂದರೆ, ಆ ಎಂಟು ಜನರಲ್ಲಿ ಕೆಲವರಾದರೂ ದಡ ಸೇರುತ್ತಾರೆ, ತಪ್ಪಾಗಿ ಸೇರಿದ ಹದಿನೆಂಟು ಜನ ಇನ್ನಷ್ಟು ಒಳ್ಳೆಯ ಸರ್ಜನ್‌ಗಳಾಗುತ್ತಾರೆ. ಯಾರಿಗೂ ನಷ್ಟವಿಲ್ಲ. ಅದೇ ಪಟ್ಟಿ ಹಿಡಿದು ‘ಇವನು ಡೌಟ್‌ಫುಲ್’ ಅಂತ ಓಟಿಯಿಂದ (ಆಪರೇಷನ್ ಕೋಣೆಯಿಂದ) ದೂರ ಇಟ್ಟರೆ ಹದಿನೆಂಟು ಜನಕ್ಕೆ ಸುಮ್ಮಸುಮ್ಮನೆ ಅನ್ಯಾಯ, ಎಂಟು ಜನಕ್ಕೆ ಇದ್ದ ಅವಕಾಶವೂ ಹೋಯಿತು. ಇದು ಊಹೆಯಲ್ಲ. ಒಂದು ಯೂನಿಟ್ಟಿನಲ್ಲಿ (ಒಬ್ಬ ಮುಖ್ಯಸ್ಥರ ಕೈಕೆಳಗಿನ ಸರ್ಜನ್‌ಗಳ ತಂಡ) ಲಿಂಗಸುಗೂರು ಕಡೆಯ ಹುಡುಗನೊಬ್ಬನಿಗೆ ಮೊದಲ ವರ್ಷವೇ ‘ವೀಕ್’ ಅನ್ನುವ ಹೆಸರು ಅಂಟಿತು. ಆಮೇಲೆ ಅವನ ಪಾಲಿಗೆ ಡಿಸ್ಚಾರ್ಜ್ ಕಾರ್ಡು, ರಕ್ತದ ರಿಪೋರ್ಟು, ಸಿಟಿ ಸ್ಕ್ಯಾನಿನ ಅಪಾಯಿಂಟ್‌ಮೆಂಟು. ಜೊತೆಯವರು ಅಪೆಂಡಿಕ್ಸ್ ತೆಗೆಯುವಾಗ ಇವನು ಬ್ಲಡ್ ಬ್ಯಾಂಕಿನ ಸಾಲಿನಲ್ಲಿ. ಎರಡು ವರ್ಷ ಹೀಗೆ ಇಟ್ಟರೆ ಯಾರು ತಾನೇ ವೀಕ್ ಆಗುವುದಿಲ್ಲ?

ಅವನು ನನ್ನ ಯೂನಿಟ್ಟಿಗೆ ಬಂದಾಗ ಥೈರಾಯ್ಡ್ ಕೇಸ್ ಕೊಟ್ಟು ಹೇಳಪ್ಪ ಅಂದೆ. ಇಂಗ್ಲಿಷಿನಲ್ಲಿ ಎರಡು ವಾಕ್ಯಕ್ಕೇ ನಿಂತುಬಿಟ್ಟ. ರೌಂಡ್ ಮುಗಿದ ಮೇಲೆ ಕಾರಿಡಾರಿನಲ್ಲಿ ಬಂದು ‘ಮೇಡಂ, ತಲ್ಯಾಗ ಅದರೀ, ಬಾಯಾಗ ಬರವಲ್ದು’ ಅಂದ. ಹಾಗಾದರೆ ಕನ್ನಡದಾಗ ಹೇಳು ಅಂದೆ. ರೋಗಿಯ ಹಿಂದೆ ನಿಂತು ಎರಡೂ ಕೈಯಿಂದ ಹೇಗೆ ನೋಡಬೇಕು, ನುಂಗುವಾಗ ಗಡ್ಡೆ ಯಾಕೆ ಮೇಲೇರುತ್ತದೆ, ಕೆಳಅಂಚು ಸಿಗದಿದ್ದರೆ ಎದೆಯೊಳಗೆ ಇಳಿದಿರಬಹುದು ಅಂತ ಒಂದೂ ಬಿಡದೆ ಹೇಳಿದ. ಅವನಿಗೆ ಬೇಕಿದ್ದದ್ದು ನಾಲ್ಕು ಜನರ ಮುಂದೆ ದಿನಾ ಬಾಯಿಬಿಟ್ಟು ಹೇಳುವ ರೂಢಿ ಮಾತ್ರ. ವಾರ್ಡಿನ ಸಿಸ್ಟರ್, ಇಂಟರ್ನ್‌ಗಳು, ಕೆಲವೊಮ್ಮೆ ಮಾವಶಿ (ವಾರ್ಡಿನ ಆಯಾ) ಕೂಡ ನಿಂತು ಕೇಳುತ್ತಿದ್ದರು. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ಪರೀಕ್ಷೆ ಪಾಸಾದ. ಈಗ ನಮ್ಮ ಕಡೆಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿದ್ದಾನೆ.

ಇನ್ನು ಸಮಯ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ದಾಟಿ ಡ್ಯೂಟಿ ಹಾಕಬಾರದು. ಎಮರ್ಜೆನ್ಸಿ ದಿನ ಬೆಳಿಗ್ಗೆ ಒಳಗೆ ಹೋದ ಹೌಸ್‌ಮನ್ (ಕಿರಿಯ ರೆಸಿಡೆಂಟ್) ಮರುದಿನ ಸಂಜೆ ಹೊರಬರುವುದನ್ನು ಕಂಡವರಿಗೆ ಈ ಅಂಕಿ ನೋಡಿದರೆ ಸಂಕಟವಾಗುತ್ತದೆ. ನಿದ್ದೆ ಇಲ್ಲದವನು ಓದಲಿಲ್ಲ ಅಂತ ಅವನ ಹೆಸರಿನ ಮುಂದೆ ಕೆಂಪು ಗುರುತು ಹಾಕುವುದು ಯಾವ ನ್ಯಾಯ? ಭವಿಷ್ಯ ಹೇಳುವ ಪಟ್ಟಿಗೆ ರೆಸಿಡೆಂಟನ ಅಂಕದ ಜೊತೆಗೆ ಯೂನಿಟ್ಟಿನ ಅಂಕವೂ ಸೇರಲಿ. ವಾರಕ್ಕೆ ಎಷ್ಟು ಗಂಟೆ ಕಲಿಸಿದಿರಿ, ಎಷ್ಟು ಕೇಸು ಕೇಳಿದಿರಿ, ಎಷ್ಟು ಆಪರೇಷನ್ನಿನಲ್ಲಿ ಚಾಕು ಅವರ ಕೈಗೆ ಕೊಟ್ಟಿರಿ. ಆ ಕಾಲಂಗಳನ್ನು ತುಂಬಲು ಎಷ್ಟು ಮುಖ್ಯಸ್ಥರು ತಯಾರಿದ್ದಾರೆ ಅಂತ ಗುಂಪಿನಲ್ಲಿ ಕೇಳಿದೆ. ಇಬ್ಬರು ಹೂಂ ಅಂದರು. ಆ ಇಬ್ಬರ ಮೇಲೆ ನನಗೆ ನಿಜವಾದ ಗೌರವ.

ಪಟ್ಟಿ ಮಾಡುವುದಾದರೆ ಮಾಡಿ. ಅದನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ, ಸೀನಿಯರ್‌ಗಳ ಬಾಯಿಗೂ ಬೀಳಿಸಬೇಡಿ. ಆ ರೆಸಿಡೆಂಟ್‌ಗೆ ಮಾತ್ರ, ಕೂರಿಸಿಕೊಂಡು, ಇಂಥ ವಿಷಯದಲ್ಲಿ ಹಿಂದಿದ್ದೀಯ, ಇಂಥ ದಿನ ಇಂಥವರು ಕಲಿಸುತ್ತಾರೆ ಅಂತ ಹೇಳಿ. ಕಲಿಸುವವರ ಹೆಸರು, ದಿನ ಗೊತ್ತಿಲ್ಲದಿದ್ದರೆ ಪಟ್ಟಿಯನ್ನು ತೆರೆಯಲೇ ಬೇಡಿ.

ಮಾಟುಂಗಾ, ದಾದರ್, ಸಾಯನ್ ಸುತ್ತಮುತ್ತ ಇರುವ ನಿವೃತ್ತ ಸರ್ಜನ್ ಬಂಧುಗಳಲ್ಲಿ ಒಂದು ವಿನಂತಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಡಲು ಸಾಧ್ಯವಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಯಾವ ಆಸ್ಪತ್ರೆಯ ಹುಡುಗರಾದರೂ ಬರಲಿ, ಎಕ್ಸ್‌ರೇ, ಇನ್‌ಸ್ಟ್ರುಮೆಂಟ್ ನನ್ನ ಹತ್ತಿರ ಇವೆ. ವೈವಾ ತೆಗೆದುಕೊಳ್ಳುವವರು ಬೇಕು.