ಗೆದ್ದರಷ್ಟೇ ಸಾಕಾಗುತ್ತಿರಲಿಲ್ಲ

ಸ್ಪೇನ್‌ನ ಎರಡನೇ ದರ್ಜೆಯ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಮೊದಲ ಸ್ಥಾನ ಬಂದವರು ನೇರವಾಗಿ ಆ ದೇಶದ ಅಗ್ರ ಲೀಗ್ ಆದ ಎಸಿಬಿಗೆ ಏರುತ್ತಾರೆ, ಇನ್ನೊಂದು ಜಾಗಕ್ಕೆ ಪ್ಲೇಆಫ್ ನಡೆಯುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಯಮ ಸರಿ. ಆದರೆ ಬರ್ಗೋಸ್ ಊರಿನ ಕತೆ ಬಿಟ್ಟುಹೋಗಿದೆ.

ಅಲ್ಲಿನ ಹಳೇ ಕ್ಲಬ್ 2013, 2014, 2015ರಲ್ಲಿ, ಸತತ ಮೂರು ವರ್ಷ, ಆಡಿ ಗೆದ್ದು ಬಡ್ತಿ ಗಳಿಸಿತು. ಮೂರು ಸಲವೂ ಮೇಲಕ್ಕೆ ಹೋಗಲಿಲ್ಲ! ಎಸಿಬಿ ಕೇಳುತ್ತಿದ್ದ ಪ್ರವೇಶ ಶುಲ್ಕ ಕೋಟಿಗಟ್ಟಲೆ ರೂಪಾಯಿಗೆ ಸಮ. ಸಣ್ಣ ಊರಿನ ಕ್ಲಬ್ ಅಷ್ಟು ದುಡ್ಡು ಎಲ್ಲಿಂದ ತರಬೇಕು? 2016ರಲ್ಲಿ ಪಲೆನ್ಸಿಯಾ ತಂಡಕ್ಕೂ ಇದೇ ಗತಿ. ಆಟಗಾರರ ಬೆವರಿಗೆ ಬೆಲೆಯೇ ಇಲ್ಲದ ಹಾಗಾಯ್ತು, ಅಲ್ವಾ?

ಕೊನೆಗೆ 2017ರಲ್ಲಿ ಸ್ಪೇನ್‌ನ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ನ್ಯಾಯಯುತ ಪೈಪೋಟಿ ಕಾಯುವ ಸರ್ಕಾರಿ ಸಂಸ್ಥೆ) ಈ ಷರತ್ತುಗಳು ಅನ್ಯಾಯ ಎಂದು ಎಸಿಬಿಗೆ 4 ಲಕ್ಷ ಯುರೋ ದಂಡ ಹಾಕಿತು. ಅದೇ ವರ್ಷ ಬರ್ಗೋಸ್‌ನ ಹೊಸ ಕ್ಲಬ್ ಸ್ಯಾನ್ ಪಾಬ್ಲೊ ಮೇಲೇರಿತು. ಗೂಳಿ ಕಾಳಗದ ಹಳೇ ಅಖಾಡವನ್ನು ಒಳಾಂಗಣ ಕ್ರೀಡಾಂಗಣ ಮಾಡಿಕೊಂಡು ಆಡುವ ತಂಡ ಇದು. 2020 ಮತ್ತು 2021ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ಯುರೋಪಿನ ಕ್ಲಬ್‌ಗಳಿಗೆ ನಡೆಸುವ ಚಾಂಪಿಯನ್ಸ್ ಲೀಗ್ ಗೆದ್ದಿತು. 2022ರಲ್ಲಿ ಕೆಳಗಿಳಿಯಿತು, 2025ರಲ್ಲಿ ಮತ್ತೆ ಏರಿತು. ಬಾಗಿಲು ತೆರೆದಿದ್ದರೆ ಸಣ್ಣ ಊರು ಯುರೋಪನ್ನೇ ಗೆಲ್ಲುತ್ತದೆ. ಮುಂದಿನ ಲೇಖನದಲ್ಲಿ ಈ ಶುಲ್ಕದ ವಿಷಯ ಸ್ವಲ್ಪ ಜಾಸ್ತಿ ಬರೆಯಿರಿ.