ಪಥ್ಯ ಮತ್ತು ಪಂಕ್ತಿ

ಶಿರಸಿ ಸೀಮೆಯಲ್ಲಿ ತೂಕ ಇಳಿಸಲು ಹೊರಟವನು ಹಸಿವನ್ನಾದರೂ ತಡೆದುಕೊಂಡಾನು, ಉಪಚಾರವನ್ನು ತಡೆದುಕೊಳ್ಳಲಾರ. ಮೊಬೈಲಿನಲ್ಲಿ ಹರಿದಾಡುವ ಆಹಾರಪಟ್ಟಿಗಳನ್ನು ಬರೆದವರಿಗೆ ಈ ಸಂಗತಿ ಗೊತ್ತಿದ್ದಂತಿಲ್ಲ. ಎಷ್ಟು ತಿನ್ನಬೇಕೆಂದು ತಿನ್ನುವವನೇ ತೀರ್ಮಾನಿಸುತ್ತಾನೆ ಎಂದು ಅವರು ನಂಬಿದ್ದಾರೆ. ನಮ್ಮಲ್ಲಿ ಆ ಅಧಿಕಾರ ಇರುವುದು ಬಡಿಸುವವರಿಗೆ.

ಆಲೆಮನೆಯ ದಿನಗಳಲ್ಲಿ ತೊಡೆದೇವು ಎಂಬ ಸಿಹಿತಿಂಡಿ ಮಾಡುವುದನ್ನು ನೋಡಬೇಕು. ಬೋರಲು ಹಾಕಿದ ಗಡಿಗೆಯ ಕೆಳಗೆ ಬೆಂಕಿ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳುವಾದ ಅಕ್ಕಿಹಿಟ್ಟಿಗೆ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಸಾಕು, ಅದು ಹಾಳೆಯಾಗಿ ಬೆಂದು ಅಂಚು ಬಿಡುತ್ತದೆ. ಬಿಸಿಯಿರುವಾಗಲೇ ಮಡಚಿ ತೆಗೆಯಬೇಕು, ತಡವಾದರೆ ಮುರಿಯುತ್ತದೆ. “ಇದರಲ್ಲೇನಿದೆ ಭಾವ, ಬಾಯಿಗೆ ಹಾಕಿದರೆ ಕರಗಿಹೋಗುತ್ತದೆ” ಎನ್ನುತ್ತ ಬಡಿಸುವವರು ಎಲೆಗೆ ಹಾಕುವ ಹಾಳೆಗಳನ್ನು ಎಣಿಸುವ ಪದ್ಧತಿ ಇಲ್ಲ. ಹಾಳೆ ಹಗುರ ನಿಜ, ಲೆಕ್ಕ ಕೆಡುವುದು ಅದರ ಮೇಲೆ ಸುರಿಯುವ ತುಪ್ಪದಲ್ಲಿ. ಅಕ್ಕಿಯ ಪಿಷ್ಟವಾಗಲಿ ಬೇಳೆಯ ಪ್ರೋಟೀನಾಗಲಿ ಗ್ರಾಮಿಗೆ ಸುಮಾರು 4 ಕಿಲೊಕ್ಯಾಲೊರಿ ಕೊಟ್ಟರೆ, ಕೊಬ್ಬು 9 ಕೊಡುತ್ತದೆ. ಕೋಟೆಕೆರೆಯ ದಂಡೆಯಲ್ಲಿ ಅರ್ಧ ಗಂಟೆ ಬಿರುಸಾಗಿ ನಡೆದು ಕಳೆದುಕೊಂಡದ್ದನ್ನು ಮೂರು ಸಣ್ಣ ಚಮಚ ತುಪ್ಪ ಹೆಚ್ಚುಕಡಿಮೆ ಪೂರ್ತಿ ವಾಪಸು ತಂದುಕೊಡುತ್ತದೆ. ಬಡಿಸುವವರಂತೂ ಚಮಚದ ಲೆಕ್ಕ ಇಟ್ಟವರಲ್ಲ.

“ಹಿಂದಿನವರು ತಿನ್ನಲಿಲ್ಲವೇ?” ಎಂಬ ಪ್ರಶ್ನೆ ಆಗ ಬರುತ್ತದೆ. ತಿಂದರು. ತಿಂದ ಮೇಲೆ ಸೊಪ್ಪಿನಬೆಟ್ಟ ಹತ್ತಿ, ಗೊಬ್ಬರದ ಸೊಪ್ಪಿನ ಹೊರೆ ಹೊತ್ತು ಇಳಿದು, ಅಡಿಕೆ ತೋಟಕ್ಕೆ ಹಾಕಿದರು. ಈಗ ಸೊಪ್ಪು ಪಿಕಪ್ಪಿನಲ್ಲಿ ಬರುತ್ತದೆ, ನಾವು ಬೈಕಿನಲ್ಲಿ ಬರುತ್ತೇವೆ, ಅನ್ನದ ಸಟ್ಟುಗ ಮಾತ್ರ ಅಜ್ಜನ ಕಾಲದ್ದೇ ಉಳಿದಿದೆ.

ಹಾಗೆಂದು ಓಟ್ಸ್, ಕಿವಿ ಹಣ್ಣು, ಬ್ರಾಕೊಲಿಗಳ ಮೊರೆ ಹೋಗಬೇಕೆಂದು ನನಗೆ ಅನ್ನಿಸಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ತಟ್ಟೆಯಲ್ಲಿ ಸುಮಾರು ಅರ್ಧ ಭಾಗ ತರಕಾರಿ, ಹಣ್ಣುಗಳದ್ದು. ಬಾಳೆಎಲೆಯ ಮೇಲ್ಭಾಗವನ್ನು ನಮ್ಮವರು ಪಲ್ಯ, ಕೋಸಂಬರಿ, ಸಾಸಿವೆಗಳಿಗೆ ಎಂದೋ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಚಿಟಿಕೆಯಷ್ಟು ಬಡಿಸಿ ಕೆಳಗೆ ಅನ್ನದ ಗುಡ್ಡ ಏರಿಸುವುದಷ್ಟೇ ತಕರಾರಿನ ವಿಷಯ. ಮೇಲಿನದನ್ನು ಎರಡು ಸಲ ಕೇಳಿ ಹಾಕಿಸಿಕೊಂಡು, ಅನ್ನಕ್ಕೆ ಒಂದೆಲಗದ ತಂಬುಳಿ ಕಲಸಿ ಎದ್ದರೆ ಯಾವ ಪಟ್ಟಿಗೂ ಕಡಿಮೆಯಿಲ್ಲದ ಊಟವಾಯಿತು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಒಂದೇ ವಾರದಲ್ಲಿ ಐದು ಕಿಲೋ ಎಂದು ಸಾರುವವರು ಇಳಿಸಿಕೊಡುವುದು ಬಹುಪಾಲು ನೀರನ್ನು; ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುವಾಗ ಅದರೊಂದಿಗಿದ್ದ ನೀರೂ ಹೋಗುತ್ತದೆ, ಹಳೆಯ ಊಟಕ್ಕೆ ಮರಳಿದ ಕೂಡಲೇ ಬರುತ್ತದೆ.

ಘಟ್ಟದ ಕೆಳಗಿನವರ ಪುಣ್ಯ ಇನ್ನೂ ದೊಡ್ಡದು. ನಾನು ಮೀನು ತಿನ್ನುವವನಲ್ಲ. ಆದರೂ ಕಾರವಾರದ ಸಹೋದ್ಯೋಗಿಗಳ ಊಟದ ಡಬ್ಬಿ ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಪಟ್ಟಿಗಳು ಸಾಲ್ಮನ್ ಮೀನಿನಲ್ಲಿ ಹುಡುಕಲು ಹೇಳುವ ಒಮೆಗಾ 3 ಅವರ ಬಂಗಡೆ, ತಾರ್ಲೆಗಳಲ್ಲೇ ಇದೆ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವ ಆಸೆಯೊಂದನ್ನು ಹತೋಟಿಯಲ್ಲಿಟ್ಟರೆ ಅವರಿಗೆ ಪಥ್ಯವೇ ಹಬ್ಬ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿರುವಾಗ ಒಣಮೀನಿನ ಉಪ್ಪಿನ ಮೇಲೊಂದು ಕಣ್ಣಿರಬೇಕು, ಅಷ್ಟೇ.

ಮತ್ತೆ ಪಂಕ್ತಿಗೆ ಬರೋಣ. ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಆದ್ದರಿಂದಲೇ ನಿಷ್ಪ್ರಯೋಜಕ. ನುರಿತವರು ಬೆರಳ ಸಂದಿನಲ್ಲೇ ಕೇಸರಿಬಾತ್ ಇಳಿಸಬಲ್ಲರು. “ಸಕ್ಕರೆ ಕಾಯಿಲೆ” ಎಂದರೆ ಮಾತ್ರ ಸಟ್ಟುಗ ತಕ್ಷಣ ಹಿಂದೆ ಸರಿಯುತ್ತದೆ, ಜೊತೆಗೆ ಎರಡು ಅನುಕಂಪದ ಮಾತೂ ಸಿಗುತ್ತದೆ. “ಡಯಟ್” ಎಂದರೆ ಇಡೀ ಸಾಲು ನಗುತ್ತದೆ. ಕಾಯಿಲೆ ಬಂದ ಮೇಲೆ ಕೊಡುವ ಮರ್ಯಾದೆಯನ್ನು ಬಾರದ ಹಾಗೆ ನೋಡಿಕೊಳ್ಳುವವನಿಗೆ ನಾವು ಕೊಡುವುದಿಲ್ಲ. ಇದನ್ನು ಅರಿತ ನನ್ನ ಗೆಳೆಯರೊಬ್ಬರು ದೇವರನ್ನು ಮುಂದೆ ಮಾಡಿ ಸಂಕಷ್ಟಿ ಹಿಡಿದರು. ವ್ರತವೆಂದರೆ ಯಾರೂ ಒತ್ತಾಯಿಸುವುದಿಲ್ಲ. ಆದರೆ ಹಗಲಿಡೀ ಉಪವಾಸದ ಹೆಸರಲ್ಲಿ ಸಾಬುದಾನೆಯ ಖಿಚಡಿ. ಅದೋ ಅಪ್ಪಟ ಪಿಷ್ಟ. ಚಂದ್ರ ಮೂಡಿದ ಮೇಲೆ ಪಂಚಕಜ್ಜಾಯ, ಅದರ ಹಿಂದೆ ಪೂರ್ತಿ ಊಟ. ಅವರ ಭಕ್ತಿ ಹೆಚ್ಚಿತು, ಸೊಂಟದ ಪಟ್ಟಿಯ ಕೊನೆಯ ತೂತೂ ಸಾಲದಾಯಿತು.

ಈಚೆಗೆ ಕಲ್ಯಾಣಮಂಟಪಗಳಲ್ಲಿ ಬಫೆ ಬಂದಿದೆ. ಬಡಿಸುವವರ ಕಾಟ ತಪ್ಪಿತೆಂದುಕೊಂಡು ನಾನು ತಟ್ಟೆ ತುಂಬ ಕೋಸಂಬರಿ, ಪಲ್ಯ ಹಾಕಿಕೊಂಡು ಮೂಲೆಯಲ್ಲಿ ನಿಂತಿರುತ್ತೇನೆ. ಮದುಮಗಳ ಸೋದರಮಾವ ಸಾಲಿನಾಚೆಯಿಂದಲೇ ಅದನ್ನು ನೋಡುತ್ತಾರೆ. “ಇದೇನು, ಹೋಳಿಗೆ ಸಿಗಲಿಲ್ಲವೇ?” ಎಂದು ಕಳವಳದಿಂದ ಕೇಳಿ, ತಾವೇ ಹೋಗಿ ಎರಡು ತಂದು ಪಲ್ಯದ ಮೇಲೆ ಹಾಸುತ್ತಾರೆ, ಹಿಂದೆಯೇ ತುಪ್ಪ ಹಿಡಿದ ಹುಡುಗನಿಗೆ ಕಣ್ಸನ್ನೆ ಮಾಡುತ್ತಾರೆ.